ಮಳೆಗಾಲದಲ್ಲೂ ಬೇಕು ಕಾರಿನ ಎ.ಸಿ.

ಎ.ಸಿ. ಬೇಸಿಗೆಗೆ ಮಾತ್ರವೆಂದು ನಮ್ಮ ಬೆಳೆಗಾರ ಬಾಂಧವರಲ್ಲಿ ಹಲವರು ಮಳೆಗಾಲವಿಡೀ ಅದನ್ನು ಮುಟ್ಟುವುದೇ ಇಲ್ಲ. ಆದರೆ ಘಾಟಿಯಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾದಾಗ ನೆರವಿಗೆ ಬರುವುದು ಅದೇ, ಎ.ಸಿ. ಗಾಳಿಯ ತೇವವನ್ನು ತೆಗೆಯುತ್ತದೆ. ಆಗ ಹೊರಗಾಳಿ ಒಳಬರುವಂತಿಟ್ಟು, ಗಾಳಿಯನ್ನು ಗಾಜಿನತ್ತ ತಿರುಗಿಸೋಣ. ಚಳಿಯಾದರೆ ಹೀಟರನ್ನೂ ಜೊತೆಗೆ ಹಾಕಬಹುದು.

ವಾರಕ್ಕೊಮ್ಮೆ 10 ನಿಮಿಷ ನಡೆಸಿದರೆ ಕಂಪ್ರೆಸರಿನಲ್ಲಿ ಎಣ್ಣೆ ಓಡಾಡಿ ಸೀಲುಗಳು ಒಣಗುವುದಿಲ್ಲ. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ತುಂಬಿಸೋಣ. ಅಡಿಕೆ ಸಿಪ್ಪೆಯ ಧೂಳು ಕಟ್ಟಿದ ಫಿಲ್ಟರನ್ನು ಮಳೆಗೆ ಮೊದಲೇ ಬದಲಿಸೋಣ.

ಕೊನೆಯದಾಗಿ ಒಂದು ಎಚ್ಚರಿಕೆ: ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ನಡೆಸುತ್ತಾ, ಎ.ಸಿ. ಹಾಕಿ ಮಲಗುವುದು ಖಂಡಿತ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋದೀತು.