ಮೊದಲ ವಲಸಿಗನ ವಂಶ ಹುಡುಕುವುದು ಹೇಗೆ?

1788ರ ಜನವರಿಯಲ್ಲಿ ಬ್ರಿಟನ್ನಿನ ಕೈದಿಗಳನ್ನು ಹೊತ್ತು ಸಿಡ್ನಿ ತೀರಕ್ಕೆ ಬಂದ 11 ಹಡಗುಗಳಲ್ಲಿ ತಮ್ಮ ಮೂಲಪುರುಷನೂ ಇದ್ದನೆಂದು ಹೇಳಿಕೊಳ್ಳುವ ಆಸ್ಟ್ರೇಲಿಯಾದ ಕುಟುಂಬಗಳು ಬಹಳ. ಹುಡುಕಲು ಹೊರಟವರು ಮೊದಲು ತೆರೆಯುವುದು ಆ ಹಡಗುಗಳ ಕೈದಿಗಳ ಪಟ್ಟಿಯನ್ನೇ. ಮನೆತನದ ಹೆಸರು ಅಲ್ಲಿ ಕಂಡರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಸ್ಮಿತ್, ಜೋನ್ಸ್‌ಗಳಿಗೆ ಆಗಲೂ ಬರವಿರಲಿಲ್ಲ. ಹೆಸರು ಹೊಂದಿದ ಮಾತ್ರಕ್ಕೆ ರಕ್ತಸಂಬಂಧ ಸಿದ್ಧವಾಗದು. ಗೊತ್ತಿರುವ ಅಜ್ಜ-ಅಜ್ಜಿಯಿಂದ ಶುರುಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ನಡೆಯಬೇಕು, ಪ್ರತಿ ದಾಖಲೆಯನ್ನೂ 'ಇದನ್ನು ಬರೆಸಿದವರು ಯಾರು?' ಎಂದು ಕೇಳಬೇಕು.

ನ್ಯೂ ಸೌತ್ ವೇಲ್ಸ್‌ನಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1856ರಲ್ಲಿ. ಆ ಬಳಿಕದ ಮರಣಪತ್ರಗಳಲ್ಲಿ ತಂದೆತಾಯಿ, ಹುಟ್ಟೂರು, ಮದುವೆ, ಮಕ್ಕಳು, ವಸಾಹತಿನಲ್ಲಿ ಕಳೆದ ವರ್ಷಗಳು ಎಲ್ಲಕ್ಕೂ ಜಾಗವಿದೆ. ಆದರೆ ಮಾಹಿತಿ ಕೊಡುತ್ತಿದ್ದುದು ಸತ್ತವರಲ್ಲ, ಮಗನೋ ನೆರೆಯವನೋ; ಹಾಗಾಗಿ ಸಾವಿನ ದಿನಾಂಕವನ್ನು ನಂಬಿದಷ್ಟು ಸುಲಭವಾಗಿ ಹುಟ್ಟೂರನ್ನು ನಂಬಬಾರದು. ಅದಕ್ಕೂ ಹಿಂದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಮುಂದಿನ ಮೆಟ್ಟಿಲು 1828ರ ಜನಗಣತಿ: ಸ್ವತಂತ್ರವಾಗಿ ಬಂದವರೋ, ಶಿಕ್ಷೆ ಮುಗಿಸಿದವರೋ, ಅಲ್ಲೇ ಹುಟ್ಟಿದವರೋ ಎಂಬುದರ ಜೊತೆಗೆ, ಹೊರಗಿನಿಂದ ಬಂದವರ ಹಡಗು ಮತ್ತು ವರ್ಷವನ್ನೂ ಅದು ಕೇಳಿತ್ತು. 'ನಮ್ಮವರು ಕೈದಿಗಳಲ್ಲ' ಎಂಬ ಮನೆಮಾತು ಎಷ್ಟೋ ಸಲ ಇಲ್ಲೇ ಮುರಿದುಬೀಳುತ್ತದೆ. ಹಡಗು ತಿಳಿದ ಮೇಲಷ್ಟೇ ಕೈದಿಗಳ ಪಟ್ಟಿ, ಆಮೇಲೆ ವಿಚಾರಣೆಯ ಕಡತ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಲ್ಲವೆಂದು ಕೈಚೆಲ್ಲಬೇಕಿಲ್ಲ, ಬೇರೆ ಊರುಗಳಲ್ಲೂ ವಿಚಾರಣೆ ನಡೆಯುತ್ತಿತ್ತು. ಮೊದಲ ತಂಡದಲ್ಲೇ ಬಂದ ಜೇಮ್ಸ್ ರೂಸ್‌ಗೆ 1782ರಲ್ಲಿ ಶಿಕ್ಷೆಯಾದದ್ದು ಕಾರ್ನ್‌ವಾಲ್‌ನ ಬೋಡ್ಮಿನ್‌ನಲ್ಲಿ.

ಇಷ್ಟೆಲ್ಲ ಏಕೆ, ಜಾಲತಾಣಗಳಲ್ಲಿ ಸಿದ್ಧ ವಂಶವೃಕ್ಷಗಳೇ ಇವೆಯಲ್ಲ ಎನ್ನಬಹುದು. ಅವು ಒಂದನ್ನೊಂದು ನಕಲು ಮಾಡಿದ್ದರೆ ಹತ್ತು ವೃಕ್ಷಗಳೂ ಒಂದೇ ಸಾಕ್ಷಿಗೆ ಸಮ. ಡಿಎನ್‌ಎ ಪರೀಕ್ಷೆ ನಂಟನ್ನು ತೋರಿಸೀತು, ಪೂರ್ವಜನ ಹೆಸರನ್ನು ಹೇಳದು. ಏಳೆಂಟು ತಲೆಮಾರು ಹಿಂದಿನವರ ಅಂಶ ನಮ್ಮಲ್ಲಿ ಉಳಿದೇ ಇರದಿರಬಹುದು. ಕಲ್ಲಿನ ಮೇಲಿನ ಬರಹವಾದರೂ ಸುಳ್ಳೇ? 1837ರಲ್ಲಿ ತೀರಿಕೊಂಡ ರೂಸ್‌ನ ಸಮಾಧಿಕಲ್ಲು, ವಸಾಹತಿನಲ್ಲಿ ಮೊದಲು ಧಾನ್ಯ ಬಿತ್ತಿದವನು ಅವನೇ ಎನ್ನುತ್ತದೆ. ಆದರೆ ಸರ್ಕಾರಿ ಹೊಲದಲ್ಲಿ 1788ರಲ್ಲೇ ಬಿತ್ತನೆಯಾಗಿತ್ತು. ಪರ್ರಮಟ್ಟಾದಲ್ಲಿ ಅವನ ಬೇಸಾಯ ಶುರುವಾದದ್ದು ಮರುವರ್ಷ. ಅಲ್ಲಿ ಅವನಿಗೆ ಸಿಕ್ಕ 30 ಎಕರೆಯನ್ನು 1793ರಲ್ಲಿ ಕೊಂಡ ವೈದ್ಯ ಜಾನ್ ಹ್ಯಾರಿಸ್‌ನ ಹೆಸರೇ ಇಂದಿನ ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಗೆ ಬಂದಿದೆ. ಭೂದಾನದ ಕಡತಗಳು ಹೀಗೆ ಮಾಲೀಕರ ಸರಪಳಿಯನ್ನು ಚೆನ್ನಾಗಿ ಕಾಯ್ದಿವೆ. ಆದರೆ ಅವು ಆರಂಭವಾಗುವುದೇ ಗವರ್ನರ್‌ನ ಸಹಿಯಿಂದ. ಅದಕ್ಕೂ ಮೊದಲು ಅಲ್ಲಿ ಬಾಳುತ್ತಿದ್ದ ದಾರುಗ್ ಜನರ ವಂಶಕ್ಕೆ ಅವುಗಳಲ್ಲಿ ಜಾಗವಿಲ್ಲ.