ಬೇಸಿಲ್ ಗೆಲ್ಲುವುದು ತಾರೀಖಿನಿಂದ: 7 ಸೂತ್ರಗಳು

ಷಿಕಾಗೋದಲ್ಲಿ ಕೆಲಸ, ಬಾಲ್ಕನಿಯಲ್ಲಿ ಬೇಸಿಲ್ ಬೆಳೆಯುವ ಆಸೆ. ಆದರೆ ‘ನನ್ನ ಕೈಲಿ ಗಿಡ ಉಳಿಯಲ್ಲ’ ಅನ್ನುತ್ತೀರಾ? ಆ ಮಾತು ಇಂದೇ ಬಿಡಿ. ಕೈಗುಣ ಸರಿಯಿದೆ, ತಪ್ಪಿದ್ದು ತಾರೀಖು. ಬೆಂಗಳೂರಿನಲ್ಲಿ ಬೇಸಿಲ್‌ಗೆ, ಅಂದರೆ ಕಾಮಕಸ್ತೂರಿಗೆ, ಫ್ರಾಸ್ಟ್ (ನೀರು ಹೆಪ್ಪುಗಟ್ಟುವ ಚಳಿ) ಭಯವಿಲ್ಲ. ಷಿಕಾಗೋದಲ್ಲಿ ಅದೇ ಮೊದಲ ಲೆಕ್ಕ.

1. ಡೆಡ್‌ಲೈನ್ ತಿಳಿಯಿರಿ. ವಸಂತದ ಕೊನೆಯ ಫ್ರಾಸ್ಟ್ ನಿಮ್ಮೂರಲ್ಲಿ ಯಾವಾಗ ಎಂದು ನೋಡಿ. ಷಿಕಾಗೋ ತೋಟಗಾರರು ಮೇ 15 ಹಿಡಿಯುತ್ತಾರೆ. ಅಮೆರಿಕದ ಕೃಷಿ ಇಲಾಖೆಯ (ಯುಎಸ್‌ಡಿಎ) ಜೋನ್ ನಂಬಿ ಕೂರಬೇಡಿ. ಅದು ಹೇಳುವುದು ಚಳಿಗಾಲದ ಕನಿಷ್ಠ ತಾಪಮಾನ, ಫ್ರಾಸ್ಟ್ ತಾರೀಖಲ್ಲ.

2. ಬಫರ್ ಇಡಿ. ಈ ತಾರೀಖು ಗ್ಯಾರಂಟಿಯಲ್ಲ, ಆಮೇಲೂ ಫ್ರಾಸ್ಟ್ ಬೀಳಬಹುದು. ಎರಡು ವಾರ ಸೇರಿಸಿ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಒಳ್ಳೆಯ ಗುರುತು.

3. ಹಿಂದಕ್ಕೆ ಎಣಿಸಿ. ಕೊನೆಯ ಫ್ರಾಸ್ಟ್‌ಗೆ ಆರು ವಾರ ಮೊದಲು, ಅಂದರೆ ಏಪ್ರಿಲ್ ಮೊದಲ ವಾರ, ಮನೆಯೊಳಗೆ ಬೀಜ ಹಾಕಿ. ಮೇಲೆ ಅರ್ಧ ಸೆಂ.ಮೀ. ಮಣ್ಣು ಸಾಕು. ಮಣ್ಣು 21 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ 5ರಿಂದ 10 ದಿನದಲ್ಲಿ ಮೊಳಕೆ ಕಾಣುತ್ತದೆ.

4. ರಾತ್ರಿಯ ತಾಪಮಾನ ನೋಡಿ. ಹಗಲಿನ ಬಿಸಿಲಿಗೆ ಮರುಳಾಗಬೇಡಿ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಎಲೆ ಕಪ್ಪಾಗತೊಡಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಫ್ರಾಸ್ಟ್ ಬಿದ್ದರೆ ಗಿಡವೇ ಹೋಗುತ್ತದೆ. ಮನೆಯ ತುಳಸಿಗೂ ಇದೇ ನಿಯಮ.

5. ಹೊರಗಿನ ಹವೆಗೆ ಒಗ್ಗಿಸಿ. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ ಇಡಿ, ದಿನದಿನಕ್ಕೂ ಹೆಚ್ಚಿಸಿ. ಒಂದು ವಾರದಿಂದ ಹತ್ತು ದಿನ ಬೇಕು. ಗಾಳಿ, ಬಿಸಿಲು ಕಾಣದ ಎಳೆ ಗಿಡ ನೇರ ಹೊರಗೆ ಹೋದರೆ ಸುಡುತ್ತದೆ.

6. ಬ್ಯಾಕಪ್ ಇಟ್ಟುಕೊಳ್ಳಿ. ಎಲ್ಲ ಬೀಜ ಒಂದೇ ಸಲ ಮುಗಿಸಬೇಡಿ. ಎರಡು ಮೂರು ವಾರಕ್ಕೊಮ್ಮೆ ಹೊಸ ಬ್ಯಾಚ್ ಹಾಕಿ. ಮೊದಲನೆಯದು ಕೈಕೊಟ್ಟರೂ ಸೀಸನ್ ಕೈತಪ್ಪುವುದಿಲ್ಲ. ದಿಢೀರ್ ಚಳಿಯ ರಾತ್ರಿ ಕುಂಡವನ್ನು ಒಳಗೆ ತನ್ನಿ.

7. ಮುಕ್ತಾಯವನ್ನೂ ಪ್ಲಾನ್ ಮಾಡಿ. ಅಕ್ಟೋಬರ್‌ನಲ್ಲಿ ಫ್ರಾಸ್ಟ್ ಮತ್ತೆ ಬರುತ್ತದೆ. ಬೇಸಿಗೆಯಿಡೀ ಕುಡಿ ಚಿವುಟಿ, ಹೂ ಬಿಡಲು ಬಿಡಬೇಡಿ. ಆಗ ಕವಲೊಡೆದು ಎಲೆ ಹೆಚ್ಚುತ್ತದೆ. ಸೆಪ್ಟೆಂಬರ್‌ನಲ್ಲಿ ನಾಲ್ಕು ಕುಡಿ ಕತ್ತರಿಸಿ ನೀರಿನಲ್ಲಿಡಿ. ಬೇರು ಬಿಟ್ಟ ಮೇಲೆ ಕುಂಡಕ್ಕೆ ಹಾಕಿ, ಚಳಿಗಾಲಕ್ಕೂ ಕಿಟಕಿಯ ಬಳಿ ಬೇಸಿಲ್ ಇರುತ್ತದೆ.

ಈಗ ಫೋನ್ ತೆಗೆಯಿರಿ. ಬಿತ್ತನೆ, ಒಗ್ಗಿಸುವುದು, ನಾಟಿ: ಮೂರು ರಿಮೈಂಡರ್ ಹಾಕಿ. ಮೊದಲ ರಿಮೈಂಡರ್ ಬರುವಷ್ಟರಲ್ಲಿ ಬೀಜ ಮನೆಯಲ್ಲಿರಲಿ.