ಕೆರೆ ಅಂಗಳದ ಕಂಠೀರವ, ನಮ್ಮೂರ ಎರಿ ಮಣ್ಣು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಂದು ಒಂದೇ ಹಾಸ್ಟೆಲ್‌ನಲ್ಲಿರೋ ನಾವು ಫುಟ್‌ಬಾಲ್ ನೋಡೋದು ಮೊಬೈಲ್‌ನಲ್ಲೇ. ಭಾರತ ತಂಡ ಬೆಂಗಳೂರಿನಲ್ಲಿ ಆಡಿದಾಗೆಲ್ಲ ನಮ್ಮಲ್ಲಿ ಒಂದು ಪ್ರಶ್ನೆ ಏಳ್ತಿತ್ತು: ಜನ ಗೋಲ್‌ನಿಂದ ಅಷ್ಟು ದೂರ ಯಾಕೆ ಕೂತಿರ್ತಾರೆ? ಅದಕ್ಕೆ ಉತ್ತರ ಹುಡುಕಲು ಶ್ರೀ ಕಂಠೀರವ ಕ್ರೀಡಾಂಗಣದ ಕಥೆ ಓದಿದೆವು.

ಈ ಕ್ರೀಡಾಂಗಣ ಇರೋದು ಹಳೆಯ ಸಂಪಂಗಿ ಕೆರೆಯ ಜಾಗದಲ್ಲಿ. ಒಂದು ಕಾಲಕ್ಕೆ ಊರಿಗೆ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಪೈಪಿನಲ್ಲಿ ಬರತೊಡಗಿದ ಮೇಲೆ ಊರೊಳಗಿನ ಕೆರೆಗಳ ಗರಜು ಕಡಿಮೆಯಾಯ್ತು. ಈಗ ಉಳಿದಿರೋದು ಕರಗದ ಪೂಜೆಗೆ ಬೇಕಾದ ಒಂದು ಪುಟ್ಟ ಕೊಳ ಮಾತ್ರ. ಕೆರೆ ಮುಚ್ಚಿ ಮೈದಾನ ಮಾಡಿದ್ದು ಸರಿಯೋ ತಪ್ಪೋ ಅಂತ ನಮ್ಮಲ್ಲೇ ಜಗಳ ಇದೆ, ಅದು ಇನ್ನೊಂದು ಲೇಖನಕ್ಕಿರಲಿ.

ಈಗಿನ ಕ್ರೀಡಾಂಗಣ ಬಳಕೆಗೆ ಬಂದದ್ದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಅಂದ್ರೆ ಇದನ್ನು ಫುಟ್‌ಬಾಲ್‌ಗೆ ಅಂತಲೇ ಕಟ್ಟಲಿಲ್ಲ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಚಿಕ್ಕದು. ಬೆಂಗಳೂರು ಎಫ್‌ಸಿ 2013-14ರಲ್ಲಿ ಮೊದಲ ಸಲವೇ ಐ-ಲೀಗ್ ಗೆದ್ದಾಗ ಅದರ ತವರು ಅದೇ ಆಗಿತ್ತು. ಆಮೇಲೆ ಕ್ಲಬ್ ಕಂಠೀರವಕ್ಕೆ ಬಂತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದದ್ದು ಇಲ್ಲೇ. 2017ರಲ್ಲಿ ಮಕಾವ್ ವಿರುದ್ಧ 4-1ರಿಂದ ಗೆದ್ದು ಭಾರತ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದೂ ಇಲ್ಲೇ. 2023ರ ಜುಲೈ 4ರಂದು ಕುವೈತ್ ಎದುರು ಪೆನಾಲ್ಟಿಯಲ್ಲಿ ಸ್ಯಾಫ್ ಕಪ್ ಗೆದ್ದ ರಾತ್ರಿ ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ರಾಜ್ಯ ತಂಡದ ಕಥೆ ಬೇರೆ: ಮೈಸೂರು ಹೆಸರಿನಲ್ಲಿ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 2023ರಲ್ಲಿ, ಅದೂ ದೂರದ ರಿಯಾದ್‌ನಲ್ಲಿ.

ಈಗ ಆ ದೂರದ ಲೆಕ್ಕ. ಸ್ಟ್ಯಾಂಡರ್ಡ್ 400 ಮೀಟರ್ ಟ್ರ್ಯಾಕ್‌ನಲ್ಲಿ ಎರಡು ನೇರ ಭಾಗ, ತಲಾ 84.39 ಮೀಟರ್, ಎರಡು ಅರ್ಧವೃತ್ತ, ತ್ರಿಜ್ಯ 36.5 ಮೀಟರ್. ಒಳಗಿನ ಉದ್ದ 84.39 + 73 = 157.39 ಮೀಟರ್. ಅದರಲ್ಲಿ 105 ಮೀಟರ್ ಉದ್ದದ ಪಿಚ್ ಇಟ್ರೆ ಪ್ರತಿ ಗೋಲ್ ಹಿಂದೆ ಸುಮಾರು 26 ಮೀಟರ್ ಖಾಲಿ. 1.22 ಮೀಟರ್‌ನ ಎಂಟು ಲೇನ್ ಸೇರಿಸಿ: 36 ಮೀಟರ್ ದಾಟಿದ ಮೇಲೇ ಪ್ರೇಕ್ಷಕ! ಮಜಾ ಏನಂದ್ರೆ, ಪಿಚ್ ಅಗಲ 68 ಇದ್ರೆ ಕಾರ್ನರ್ ಫ್ಲ್ಯಾಗ್‌ನಿಂದ ಟ್ರ್ಯಾಕ್‌ಗೆ ಒಂದು ಮೀಟರ್ ಕೂಡ ಸಿಗಲ್ಲ. ಪೈಥಾಗರಸ್ ಹಾಕಿ ನೋಡಿ, ಸುಮಾರು 97 ಸೆಂಟಿಮೀಟರ್ ಬರುತ್ತೆ. ಒಂದೇ ಜಾಗಕ್ಕೆ ಓಟಗಾರರೂ ಬೇಕು, ಫುಟ್‌ಬಾಲೂ ಬೇಕು. ಈ ತಕರಾರು ಹೈಕೋರ್ಟ್‌ವರೆಗೂ ಹೋಗಿತ್ತು. ಅಭ್ಯಾಸಕ್ಕೆ ಬೇರೆ ಜಾಗವಿಲ್ಲದ ಓಟಗಾರರ ಸಿಟ್ಟು ನಮಗೆ ಅರ್ಥವಾಗುತ್ತೆ.

ಇದು ನಮ್ಮ ತಾಲ್ಲೂಕುಗಳಿಗೆ ಯಾಕಂದ್ರೆ, ನಮ್ಮಲ್ಲೂ ಕ್ರೀಡಾಂಗಣ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಸುತ್ತ ಟ್ರ್ಯಾಕ್, ನಡುವೆ ಮೈದಾನ. ಜೊತೆಗೆ ನಮ್ಮದು ಎರಿ ಮಣ್ಣು. ಮಳೆಗೆ ಉಬ್ಬುತ್ತೆ, ಬ್ಯಾಸಿಗ್ಯಾಗ ಕಾಲು ಸಿಗಾಕಿಕೊಳ್ಳೋವಷ್ಟು ಬಿರುಕು ಬಿಡುತ್ತೆ. ಗ್ಯಾಲರಿಗಿಂತ ಮೊದಲು ನೋಡಬೇಕಾದ್ದು ಈ ಮಣ್ಣನ್ನು. ಮೇಲ್ಪದರ ತೆಗೆದು ಮುರುಮ ತುಂಬಬೇಕು, ಅದರ ಮೇಲೆ ಜಲ್ಲಿ, ಉಸುಕು, ನೀರು ಹೋಗಲು ಇಳಿಜಾರು.

ಪರೀಕ್ಷೆ ನಮ್ಮ ಲ್ಯಾಬ್‌ನಲ್ಲೇ ಆಗುತ್ತೆ. 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು, 10 ಗ್ರಾಂ ನೀರಿಗೆ, 10 ಗ್ರಾಂ ಸೀಮೆಎಣ್ಣೆಗೆ. 100 ಮಿಲಿ ಜಾರ್‌ನಲ್ಲಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ. ನೀರಿನಲ್ಲಿ ಎಷ್ಟು ಶೇಕಡಾ ಹೆಚ್ಚು ಉಬ್ಬಿತೋ ಅದೇ ಫ್ರೀ ಸ್ವೆಲ್ ಇಂಡೆಕ್ಸ್. 50 ದಾಟಿದರೆ ಹುಷಾರು. ದೀಪಾವಳಿ ರಜೆ ಮುಗಿಸಿ ಬರುವಾಗ ನಾಲ್ಕೂ ಊರ ಮೈದಾನದಿಂದ ಒಂದೊಂದು ಚೀಲ ಮಣ್ಣು ತರ್ತೀವಿ. ಸಿವಿಲ್‌ನವರು ಯಾರಾದ್ರೂ ಜೊತೆಗೆ ಬರ್ತೀರಾ?